ದಾಸ್ಯ ಬೇರೂರದಿದ್ದರೆ: ಕೋಲಾರ ಸೀಮೆಯ ಜೀತ ಕಲಿಸುವ ಪರ್ಯಾಯ ಚರಿತ್ರೆ

ನಡೆದುಹೋದ ಚರಿತ್ರೆಯ ಒಂದು ಘಟನೆಯನ್ನು ಮನಸ್ಸಿನಲ್ಲೇ ಬದಲಿಸಿ, ಅಲ್ಲಿಂದ ಮುಂದೆ ಲೋಕ ಯಾವ ದಾರಿ ಹಿಡಿಯುತ್ತಿತ್ತು ಎಂಬುದನ್ನು ಆಧಾರಗಳ ಬಲದಿಂದ ಊಹಿಸುವ ವಿಧಾನಕ್ಕೆ ಪರ್ಯಾಯ ಚರಿತ್ರೆ ಎಂದು ಹೆಸರು. ಕಾದಂಬರಿಕಾರರು ಇದನ್ನು ಕಥೆಗೆ ಬಳಸಿಕೊಂಡಿದ್ದಾರೆ. ಆದರೆ ಇದು ಕೇವಲ ಕಲ್ಪನೆಯ ಆಟವಲ್ಲ, ವಿದ್ವಾಂಸರ ಉಪಕರಣವೂ ಹೌದು. ಅರ್ಥಶಾಸ್ತ್ರಜ್ಞ ರಾಬರ್ಟ್ ಫೋಗೆಲ್ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೈಲುಗಳೇ ಇಲ್ಲದಿದ್ದರೆ 1890ರ ಅಮೆರಿಕದ ಆರ್ಥಿಕತೆ ಎಷ್ಟು ಹಿಂದುಳಿಯುತ್ತಿತ್ತು ಎಂದು ಲೆಕ್ಕಹಾಕಿ, ಆ ನಷ್ಟ ಜನ ನಂಬಿದ್ದಕ್ಕಿಂತ ಬಹಳ ಚಿಕ್ಕದೆಂದು ವಾದಿಸಿದರು. ಒಂದು ಪರಿಣಾಮಕ್ಕೆ ನಿಜವಾದ ಕಾರಣ ಯಾವುದು, ಜೊತೆಯಲ್ಲಿ ಸುಮ್ಮನೆ ಇದ್ದದ್ದು ಯಾವುದು ಎಂದು ಬೇರ್ಪಡಿಸಿ ನೋಡಲು ಇಂಥ ಪ್ರಶ್ನೆಗಳು ನೆರವಾಗುತ್ತವೆ.

ಈ ಬಗೆಯ ಪ್ರಶ್ನೆಗಳಲ್ಲಿ ಅತ್ಯಂತ ಭಾರವಾದದ್ದು ವಸಾಹತು ಗುಲಾಮಗಿರಿಯ ಕುರಿತಾದದ್ದು. 16ನೇ ಮತ್ತು 19ನೇ ಶತಮಾನಗಳ ನಡುವೆ ಯುರೋಪಿನ ಹಡಗುಗಳು ಆಫ್ರಿಕಾದಿಂದ ಸುಮಾರು 1.25 ಕೋಟಿ ಜನರನ್ನು ಅಟ್ಲಾಂಟಿಕ್ ಸಾಗರದಾಚೆಗೆ ಹೊತ್ತೊಯ್ದವು. ಅವರಲ್ಲಿ ಸುಮಾರು 1.07 ಕೋಟಿ ಜನ ಮಾತ್ರ ಜೀವಂತವಾಗಿ ದಡ ಸೇರಿದರು. ಕಬ್ಬು, ತಂಬಾಕು, ಹತ್ತಿಯ ತೋಟಗಳಲ್ಲಿ ಅವರನ್ನು ಒಡೆಯನ ಸ್ವತ್ತೆಂದು ಲೆಕ್ಕಕ್ಕೆ ಹಿಡಿದು ದುಡಿಸಲಾಯಿತು. ಈ ವ್ಯವಸ್ಥೆ ನೆಲೆಯೂರದೇ ಹೋಗಿದ್ದರೆ ಲೋಕ ಹೇಗಿರುತ್ತಿತ್ತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಇಲ್ಲವೇ ಲಿವರ್‌ಪೂಲ್ ಬಂದರಿನಲ್ಲಿ ಉತ್ತರ ಹುಡುಕುತ್ತಾರೆ. ಆದರೆ ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಅಷ್ಟೇ ತಕ್ಕ ನೆಲ. ಈ ಬಯಲುಸೀಮೆಗೆ ಗುಲಾಮರ ಹಡಗು ಬರಲಿಲ್ಲ, ಬಿಳಿಯ ಒಡೆಯನ ಕಬ್ಬಿನ ತೋಟ ಇಲ್ಲಿ ಹುಟ್ಟಲಿಲ್ಲ, ಮನುಷ್ಯರನ್ನು ಹರಾಜು ಕೂಗುವ ಕಟ್ಟೆ ಏಳಲಿಲ್ಲ. ಹಾಗಿದ್ದೂ ಇಲ್ಲಿನ ಕೇರಿಗಳಲ್ಲಿ ತಲೆಮಾರುಗಳ ಕಾಲ ಜೀತ ಉಳಿಯಿತು. ವಸಾಹತು ಗುಲಾಮಗಿರಿ ಕಾಲಿಡದ ನೆಲದಲ್ಲೂ ದುಡಿಯುವವರು ಬಂಧಿಗಳಾದದ್ದು ಹೇಗೆಂದು ಅರಿಯದೆ, ಗುಲಾಮಗಿರಿಯಿಲ್ಲದ ಲೋಕವನ್ನು ಸರಿಯಾಗಿ ಕಲ್ಪಿಸಿಕೊಳ್ಳಲು ಬಾರದು.

ಊಹೆಗೂ ಒಂದು ಶಿಸ್ತು

ಪರ್ಯಾಯ ಚರಿತ್ರೆಯ ಮೊದಲ ನಿಯಮ, ಆದಷ್ಟು ಕಡಿಮೆ ಸಂಗತಿಗಳನ್ನು ಬದಲಿಸಬೇಕೆಂಬುದು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಉಳಿಯುವುದು ಕನಸು ಮಾತ್ರ. ಎರಡನೆಯ ನಿಯಮ, ಬದಲಾವಣೆ ಆ ಕಾಲದಲ್ಲಿ ಸಾಧ್ಯವಿದ್ದದ್ದೇ ಆಗಿರಬೇಕು. ಅಂದಿನ ಕೆಲವರಾದರೂ ಅದನ್ನು ಬಯಸಿದ್ದರು, ಪ್ರಯತ್ನಿಸಿದ್ದರು ಎಂಬುದಕ್ಕೆ ಸಾಕ್ಷಿ ಇರಬೇಕು. ಮೂರನೆಯದು, ಒಂದು ಕಡೆಯ ಬೇಡಿಕೆಯನ್ನು ತಡೆದಾಗ ಅದು ಇನ್ನೆಲ್ಲಿಗೆ ಹರಿಯುತ್ತದೆ ಎಂದು ಕೇಳಲೇಬೇಕು.

ಈ ಮೂರನೆಯ ನಿಯಮದ ಮಹತ್ವವನ್ನು ಚರಿತ್ರೆಯೇ ಎರಡು ಬಾರಿ ತೋರಿಸಿಕೊಟ್ಟಿದೆ. ಉತ್ತರ ಅಮೆರಿಕದ ಜಾರ್ಜಿಯಾ ವಸಾಹತಿನಲ್ಲಿ 1735ರಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದಲೇ ನಿಷೇಧಿಸಲಾಗಿತ್ತು. ಸಣ್ಣ ಹಿಡುವಳಿದಾರರು ಸ್ವಂತ ದುಡಿಮೆಯಿಂದ ಬದುಕುವ ನಾಡನ್ನು ಕಟ್ಟುವುದು ಅದರ ಸ್ಥಾಪಕರ ಆಶಯವಾಗಿತ್ತು. ಆದರೆ ನೆರೆಯ ಕರೊಲಿನಾದ ಭತ್ತದ ತೋಟಗಳ ಲಾಭವನ್ನು ಕಂಡ ವಲಸಿಗರ ಒತ್ತಡಕ್ಕೆ ಮಣಿದು 1751ರಲ್ಲಿ ಆ ನಿಷೇಧವನ್ನು ತೆಗೆದುಹಾಕಲಾಯಿತು. ಸುತ್ತಲಿನ ಮಾರುಕಟ್ಟೆ ಬಂಧಿತ ದುಡಿಮೆಗೆ ಬಹುಮಾನ ಕೊಡುತ್ತಿರುವಾಗ ಒಂದು ಗಡಿಯೊಳಗಿನ ಕಾನೂನು ಒಂಟಿಯಾಗಿ ನಿಲ್ಲದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಎರಡನೆಯ ನಿದರ್ಶನ ಕರ್ನಾಟಕದ್ದೇ. 1860ರ ಹೊತ್ತಿಗೆ ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದ ಗುಲಾಮರು ಬೆಳೆದದ್ದಾಗಿತ್ತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಆರಂಭವಾಗಿ ಆ ಹತ್ತಿ ನಿಂತುಹೋದಾಗ, ಗುಲಾಮರ ಹತ್ತಿಯಿಲ್ಲದ ಲೋಕ ನಾಲ್ಕು ವರ್ಷಗಳ ಮಟ್ಟಿಗೆ ನಿಜವಾಗಿ ಕಣ್ಣೆದುರು ನಿಂತಿತು. ಗಿರಣಿಗಳು ಧಾರವಾಡ ಸೀಮೆಯ ಕಪ್ಪುಮಣ್ಣಿನ ಕಡೆ ತಿರುಗಿದವು. ಹತ್ತಿಯ ಬೆಲೆ ಗಗನಕ್ಕೇರಿತು. ಅದನ್ನು ಸಾಗಿಸುವ ಬಂದರಾಗಿ ಕಾರವಾರವನ್ನು ಬೆಳೆಸುವ ಉದ್ದೇಶದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿಸಲಾಯಿತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ್ದ ರೈತ ಸಾಹುಕಾರನ ಕೈಗೆ ಸಿಕ್ಕ. ಗುಲಾಮನ ಬೆನ್ನಿನಿಂದ ಇಳಿದ ಹೊರೆ ಸಾಲಗಾರ ರೈತನ ಬೆನ್ನಿಗೇರಿತೇ ಹೊರತು ಮಾಯವಾಗಲಿಲ್ಲ.

ದಡದಾಚೆಯ ಮಾರುಕಟ್ಟೆ, ಒಳನಾಡಿನ ಬರ

ಕೋಲಾರ ಸೀಮೆ ವಸಾಹತು ಗುಲಾಮಗಿರಿಯ ಜಾಲದಿಂದ ಪೂರ್ತಿ ದೂರವಿತ್ತೆಂದು ಹೇಳುವಂತಿಲ್ಲ. 17ನೇ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಚೋಳಮಂಡಲ ಕರಾವಳಿಯ ಪುಲಿಕಾಟ್ ಕೋಟೆಯನ್ನು ತನ್ನ ನೆಲೆ ಮಾಡಿಕೊಂಡಿತ್ತು. ಬಟ್ಟೆಯ ಜೊತೆಗೆ ಮನುಷ್ಯರನ್ನೂ ಕೊಂಡು ಬಟಾವಿಯಾ, ಸಿಂಹಳದಂಥ ತನ್ನ ವಸಾಹತುಗಳಿಗೆ ಸಾಗಿಸುತ್ತಿತ್ತು. ಈ ಖರೀದಿ ಪ್ರತಿ ವರ್ಷ ಒಂದೇ ಮಟ್ಟದಲ್ಲಿರದೆ, ಒಳನಾಡಿನಲ್ಲಿ ಯುದ್ಧವೋ ಬರವೋ ಬಂದಾಗ ಹಠಾತ್ತನೆ ಏರುತ್ತಿತ್ತು. ಬಿಜಾಪುರದ ಸೈನ್ಯಗಳು ದಕ್ಷಿಣಕ್ಕೆ ನುಗ್ಗಿ, ಕೋಲಾರ, ಬೆಂಗಳೂರುಗಳು ಶಿವಾಜಿಯ ತಂದೆ ಶಹಾಜಿಯ ಜಹಗೀರಾದ ಕಾಲವೂ, 1640ರ ದಶಕದ ನಡುವೆ ಕರಾವಳಿಯಲ್ಲಿ ಹಸಿದ ಜನ ತಮ್ಮನ್ನೂ ತಮ್ಮ ಮಕ್ಕಳನ್ನೂ ಮಾರಿಕೊಂಡ ಕಾಲವೂ ಒಂದೇ. ಗುಲಾಮರನ್ನು ಹುಟ್ಟಿಸಿದ್ದು ಹಡಗೊಂದೇ ಅಲ್ಲ. ಬೆಳೆ ಸುಟ್ಟ ಹೊಲ, ಒಡೆದ ಕೆರೆ, ಕಾಳಿಲ್ಲದ ಕಣಜಗಳು ಹಡಗಿಗಿಂತ ಮೊದಲೇ ಆ ಕೆಲಸ ಮಾಡಿದ್ದವು.

ಇಂಗ್ಲಿಷರ ನೀತಿಯಲ್ಲಿ ಇಬ್ಬಂದಿತನ ಕಾಣುತ್ತದೆ. ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1789ರಲ್ಲಿ ಭಾರತದಿಂದ ಸಮುದ್ರಮಾರ್ಗವಾಗಿ ಗುಲಾಮರನ್ನು ಸಾಗಿಸುವುದನ್ನು ನಿಷೇಧಿಸಿದ. ಅದೇ ಕಾರ್ನ್‌ವಾಲಿಸ್ 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬರುವಾಗ ಕೋಲಾರವನ್ನು ವಶಪಡಿಸಿಕೊಂಡ. ಸಾಗಣೆ ನಿಂತರೂ ಒಳನಾಡಿನ ಒಡೆತನ ನಿಲ್ಲಲಿಲ್ಲ. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದತಿ ಕಾಯಿದೆಯನ್ನು ಅಂಗೀಕರಿಸಿ, ಬಿಡುಗಡೆಯಾದ ಗುಲಾಮರಿಗೆ ಏನನ್ನೂ ಕೊಡದೆ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಆ ಕಾಯಿದೆಯಿಂದಲೇ ಹೊರಗಿಟ್ಟಿತು. ಭಾರತಕ್ಕೆ ಪ್ರತ್ಯೇಕವಾಗಿ ಬಂದದ್ದು 1843ರ 5ನೇ ಕಾಯಿದೆ. ಅದರ ಪ್ರಕಾರ, ಒಬ್ಬನು ತನ್ನ ಗುಲಾಮನೆಂದು ಹೇಳಿಕೊಂಡು ಯಾರೂ ನ್ಯಾಯಾಲಯದಲ್ಲಿ ಹಕ್ಕು ಸಾಧಿಸುವಂತಿರಲಿಲ್ಲ. ಆದರೆ ಗುಲಾಮರನ್ನು ಇಟ್ಟುಕೊಳ್ಳುವುದನ್ನು ಅದು ಅಪರಾಧವೆಂದು ಸಾರಲಿಲ್ಲ. ಕೊಳ್ಳುವುದೂ ಮಾರುವುದೂ ಶಿಕ್ಷಾರ್ಹವಾದದ್ದು 1860ರ ದಂಡ ಸಂಹಿತೆಯಿಂದ.

ಕನ್ನಡ ನಾಡಿನೊಳಗೇ ಬಂಧನದ ರೂಪಗಳು ಬೇರೆ ಬೇರೆಯಾಗಿದ್ದವು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರು ಮತ್ತು ಕರಾವಳಿಯಲ್ಲಿ ಕೃಷಿ ಗುಲಾಮರನ್ನು ಕೊಂಡು ಮಾರುವ ಪದ್ಧತಿಯನ್ನು ವಿವರವಾಗಿ ದಾಖಲಿಸಿದ್ದಾನೆ. ದಕ್ಷಿಣ ಕನ್ನಡದಲ್ಲಿ ಭೂಮಿಗೆ ಅಂಟಿಕೊಂಡ ಮೂಲದಾಳುಗಳಿದ್ದರು. ಕೊಡಗಿನಲ್ಲಿ ವಂಶಪಾರಂಪರ್ಯ ಹಕ್ಕಿನ ಜಮ್ಮ ಭೂಮಿಯ ಜೊತೆಗೇ ದುಡಿಯುವವರ ಕುಟುಂಬಗಳೂ ಕೈ ಬದಲಾಯಿಸುತ್ತಿದ್ದವು. ಬಯಲುಸೀಮೆಯ ಕೋಲಾರದಲ್ಲಿ ಬೇರುಬಿಟ್ಟದ್ದು ಸಾಲದ ಮೇಲೆ ನಿಂತ ಜೀತ. ಇದರಲ್ಲಿ ಮನುಷ್ಯನನ್ನು ಕೊಂಡುಕೊಂಡವರು ಯಾರೂ ಇರಲಿಲ್ಲ, ಹಾಗಾಗಿ ಗುಲಾಮರ ಕಾಯಿದೆಗಳ ಕಣ್ಣಿಗೆ ಇದು ಬೀಳಲೇ ಇಲ್ಲ.

ಲೆಕ್ಕದ ಪುಸ್ತಕದೊಳಗಿನ ಬಂಧನ

ಜೀತ ನಡೆಯುತ್ತಿದ್ದ ರೀತಿಯನ್ನು ಹತ್ತಿರದಿಂದ ನೋಡಬೇಕು. ಮದುವೆಗೋ, ಕಾಯಿಲೆಗೋ, ಬರದ ವರ್ಷದ ಹೊಟ್ಟೆಪಾಡಿಗೋ ಕೇರಿಯ ಭೂಹೀನ ಕುಟುಂಬವೊಂದು ಊರಿನ ಜಮೀನ್ದಾರನ ಬಳಿ ಹಣ ಪಡೆಯುತ್ತಿತ್ತು. ಅಡವಿಡಲು ಹೊಲವಾಗಲೀ ಒಡವೆಯಾಗಲೀ ಇಲ್ಲದಿದ್ದುದರಿಂದ ದೇಹವೇ ಅಡಮಾನವಾಗುತ್ತಿತ್ತು. ಸಾಮಾನ್ಯವಾಗಿ ಯುಗಾದಿಯಿಂದ ಯುಗಾದಿಗೆ ವರ್ಷದ ಲೆಕ್ಕ. ಬೆಳಕು ಹರಿಯುವ ಮೊದಲೇ ಕೊಟ್ಟಿಗೆ ಗುಡಿಸಿ ಸಗಣಿ ಎತ್ತುವುದು, ದನಗಳಿಗೆ ನೀರು ಹುಲ್ಲು ಹಾಕುವುದು, ನೇಗಿಲು ಹೂಡುವುದು, ಬಾವಿಯಿಂದ ಕಪಿಲೆ ಹೊಡೆದು ನೀರೆತ್ತುವುದು, ರಾತ್ರಿ ಕಣ ಕಾಯುವುದು ಇವೆಲ್ಲ ಆಳಿನ ಪಾಲು. ಪ್ರತಿಫಲವಾಗಿ ರಾಗಿ ಮುದ್ದೆಯ ಊಟ, ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಬಟ್ಟೆ, ಒಂದು ಜೊತೆ ಚಪ್ಪಲಿ, ಮೇಲೆ ಒಂದಿಷ್ಟು ರಾಗಿಯೋ ರೂಪಾಯಿಯೋ. ಊಟದ ತಟ್ಟೆಯ ಜಾಗ ಕೊಟ್ಟಿಗೆಯ ಗೂಡು. ಮನೆಯ ಹೊಸ್ತಿಲು ದಾಟುವ ಹಕ್ಕು ಆಳಿಗಿರಲಿಲ್ಲ.

ಬಂಧನ ನಿಂತದ್ದು ಹಗ್ಗ ಸರಪಳಿಗಳ ಮೇಲಲ್ಲ, ಲೆಕ್ಕದ ಮೇಲೆ. ಒಂದು ಉದಾಹರಣೆಯನ್ನು ಕಟ್ಟಿಕೊಂಡು ನೋಡಬಹುದು. 500 ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದಿಟ್ಟುಕೊಂಡರೆ ವರ್ಷಕ್ಕೆ ಬಡ್ಡಿಯೇ 180 ರೂಪಾಯಿ. ವರ್ಷದ ದುಡಿಮೆಗೆ 150 ರೂಪಾಯಿ ಜಮಾ ಮಾಡಿಕೊಂಡರೆ, ಇಡೀ ವರ್ಷ ದುಡಿದ ಮೇಲೆ ಸಾಲ 530 ರೂಪಾಯಿಗೆ ಏರಿರುತ್ತದೆ. ಜ್ವರ ಬಂದು ಮಲಗಿದ ದಿನಗಳನ್ನು ತಪ್ಪಿದ ದಿನಗಳೆಂದು ಕಳೆಯಲಾಗುತ್ತದೆ. ಹಬ್ಬಕ್ಕೆ ಕೊಟ್ಟ ಹತ್ತು ರೂಪಾಯಿ ಅಸಲಿಗೆ ಸೇರುತ್ತದೆ. ಲೆಕ್ಕ ಬರೆಯುವವನೇ ಸಾಲ ಕೊಟ್ಟವನು, ಸಾಲ ತಂದವನಿಗೆ ಅಕ್ಷರ ಬಾರದು. ತಂದೆಗೆ ವಯಸ್ಸಾದಾಗ ಮಗ ಆ ಜಾಗಕ್ಕೆ ಬರುತ್ತಾನೆ. ಎಂಟು ಹತ್ತು ವರ್ಷದ ಹುಡುಗನನ್ನು ದನ ಕಾಯಲು ಜೀತಕ್ಕೆ ಬಿಟ್ಟರೆ ಮನೆಯಲ್ಲಿ ಒಂದು ಹೊಟ್ಟೆ ಕಡಿಮೆಯಾಗುತ್ತದೆ ಎಂಬ ಲೆಕ್ಕವೂ ಸೇರುತ್ತದೆ. ಇದರ ಯಾವ ಹಂತದಲ್ಲೂ ಮನುಷ್ಯನ ಮಾರಾಟ ನಡೆಯುವುದಿಲ್ಲ. ಆದರೂ ಕೊನೆಯಲ್ಲಿ ಒಂದು ಕುಟುಂಬ ಇನ್ನೊಂದು ಕುಟುಂಬದ ವಶದಲ್ಲಿರುತ್ತದೆ.

ಇಂಥ ವ್ಯವಸ್ಥೆ ಏಕೆ ಹುಟ್ಟುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಎವ್ಸಿ ಡೋಮರ್ 1970ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಯಾರು ಬೇಕಾದರೂ ಸಾಗುವಳಿ ಮಾಡಬಹುದಾದಷ್ಟು ಭೂಮಿ, ಇಷ್ಟಬಂದಲ್ಲಿಗೆ ಹೋಗಬಲ್ಲ ದುಡಿಮೆಗಾರ, ತಾನು ದುಡಿಯದೆ ಬದುಕುವ ಭೂಮಾಲೀಕ, ಈ ಮೂರರಲ್ಲಿ ಯಾವುದಾದರೂ ಎರಡು ಮಾತ್ರ ಒಟ್ಟಿಗೆ ಇರಬಲ್ಲವು ಎಂಬುದೇ ಆ ಸೂತ್ರ. ಭೂಮಿ ಧಾರಾಳವಾಗಿದ್ದು ಕೈಗಳು ಕಡಿಮೆಯಿದ್ದಾಗ, ದುಡಿಯದ ಮಾಲೀಕನಿಗೆ ಉಳಿಗಾಲವಿರಬೇಕಾದರೆ ದುಡಿಯುವವನ ಕಾಲನ್ನು ಕಟ್ಟಿಹಾಕಲೇಬೇಕು. 1876–78ರ ಮಹಾ ಕ್ಷಾಮ ಮೈಸೂರು ಸಂಸ್ಥಾನವನ್ನು, ಅದರಲ್ಲೂ ಕೋಲಾರದಂಥ ಮಳೆಯಾಧಾರಿತ ಜಿಲ್ಲೆಗಳನ್ನು ಇಂಥದ್ದೇ ಸ್ಥಿತಿಗೆ ತಂದಿತು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಅಂದರೆ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿತ. ಬದುಕಿ ಉಳಿದವರ ಕೂಲಿ ಏರಬೇಕಿತ್ತು. ಆದರೆ ಬೀಳು ಭೂಮಿಯನ್ನು ತನ್ನದಾಗಿಸಿಕೊಳ್ಳಲು ಜಾತಿ ಅಡ್ಡವಿತ್ತು, ಎತ್ತು ಬಿತ್ತನೆಗೆ ಬಂಡವಾಳವಿರಲಿಲ್ಲ, ಹಣ ಸಿಗುತ್ತಿದ್ದದ್ದು ಒಡೆಯನ ಮನೆಯಲ್ಲಿ ಮಾತ್ರ. ಡೋಮರ್ ಸೂತ್ರಕ್ಕೆ ಕೋಲಾರ ಸೇರಿಸುವ ತಿದ್ದುಪಡಿ ಇದು: ಖಾಲಿ ನೆಲ ಕಣ್ಣೆದುರಿದ್ದರೂ ಜಾತಿ ಅದನ್ನು ಕೆಲವರಿಗೆ ಮುಚ್ಚಿಬಿಡಬಲ್ಲದು.

ಗಣಿಯ ಬಾಗಿಲು

ಇದೇ ಜಿಲ್ಲೆಯಲ್ಲಿ ಜೀತದಿಂದ ಹೊರಬರುವ ಒಂದು ದಾರಿಯೂ ತೆರೆಯಿತು. 1873ರಲ್ಲಿ ಮೈಕೆಲ್ ಲವೆಲ್ ಕೋಲಾರದಲ್ಲಿ ಚಿನ್ನ ತೆಗೆಯುವ ಪರವಾನಗಿಗೆ ಅರ್ಜಿ ಹಾಕಿ, 1875ರಲ್ಲಿ ಅದನ್ನು ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಪ್ರವೇಶಿಸಿ ಗಣಿಗಾರಿಕೆಯನ್ನು ದೊಡ್ಡ ಪ್ರಮಾಣಕ್ಕೆ ಒಯ್ದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಭೂಗರ್ಭದ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಆಗಿನ ಉತ್ತರ ಆರ್ಕಾಟ್, ಸೇಲಂ ಜಿಲ್ಲೆಗಳ ದಲಿತರು. ತಮ್ಮ ಊರುಗಳಲ್ಲಿ ಭೂಮಾಲೀಕರ ಪಣ್ಣೆಯಾಳುಗಳಾಗಿ, ಅಂದರೆ ಜೀತದ ಕೃಷಿಯಾಳುಗಳಾಗಿ ಇದ್ದವರು, ಇಲ್ಲವೇ ಅಂಥವರ ಮಕ್ಕಳು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯ ಉರಿಸೆಕೆ, ಬಂಡೆ ಸಿಡಿತ, ದೂಳಿನಿಂದ ಬರುವ ಶ್ವಾಸಕೋಶದ ರೋಗಗಳ ನಡುವೆಯೂ ಅವರು ಅಲ್ಲೇ ನಿಂತದ್ದಕ್ಕೆ ಕಾರಣವಿತ್ತು: ಅಲ್ಲಿ ಕೂಲಿ ನಗದಾಗಿ ಸಿಗುತ್ತಿತ್ತು, ಮತ್ತು ಊರಿನ ಒಡೆಯನ ಕೈ ಅಲ್ಲಿಯವರೆಗೆ ಚಾಚುತ್ತಿರಲಿಲ್ಲ.

ಈ ಚಿಕ್ಕ ಅಂತರ ಎಷ್ಟು ದೊಡ್ಡ ಬದಲಾವಣೆಗೆ ಎಡೆಮಾಡಿತೆಂಬುದು ಗಮನಾರ್ಹ. ತಮಿಳು ದಲಿತ ಚಿಂತಕ ಪಂಡಿತ ಅಯೋತಿ ದಾಸರ ಶಾಕ್ಯ ಬೌದ್ಧ ಚಳವಳಿಗೆ, ಕೆಜಿಎಫ್ ಎಂದು ಕರೆಯುವ ಈ ಕೋಲಾರ ಚಿನ್ನದ ಗಣಿ ಪ್ರದೇಶ ಬಲವಾದ ಕೇಂದ್ರವಾಯಿತು. 1914ರಲ್ಲಿ ಅವರು ತೀರಿಕೊಂಡ ನಂತರದ ವರ್ಷಗಳಲ್ಲಿ ಅವರ ‘ತಮಿಳನ್’ ಪತ್ರಿಕೆ ಗಣಿ ಪ್ರದೇಶದಿಂದಲೇ ಹೊರಬಂತು. ಊರಿನಲ್ಲಿ ಓದು ನಿಷಿದ್ಧವಾಗಿದ್ದವರು ಗಣಿಯ ಲೈನು ಮನೆಗಳಲ್ಲಿ ಶಾಲೆ, ಸಂಘ, ಮುದ್ರಣಾಲಯಗಳನ್ನು ಕಟ್ಟಿದರು. 1930ರ ಏಪ್ರಿಲ್‌ನಲ್ಲಿ ಗಣಿ ಕಂಪನಿಗಳು ಪ್ರತಿಯೊಬ್ಬ ಕಾರ್ಮಿಕನ ಬೆರಳಚ್ಚು ಪಡೆದು ನೋಂದಾಯಿಸುವ ಪದ್ಧತಿ ತರಲು ಹೊರಟಾಗ ಇಡೀ ಗಣಿ ಪ್ರದೇಶ ಮುಷ್ಕರ ಹೂಡಿತು. ಹೆಬ್ಬೆರಳ ಗುರುತು ಒತ್ತಿದ ಪತ್ರಗಳಿಂದಲೇ ತಮ್ಮ ಹಿರಿಯರು ಬಂಧಿಗಳಾದದ್ದನ್ನು ಕಂಡ ಸಮುದಾಯಕ್ಕೆ, ಇನ್ನೊಂದು ಕಡತದಲ್ಲಿ ಬೆರಳೊತ್ತುವುದು ಕೇವಲ ಆಡಳಿತದ ಕ್ರಮವಾಗಿ ಕಾಣಲು ಸಾಧ್ಯವಿರಲಿಲ್ಲ.

ಗಣಿಯ ಬಾಗಿಲು ಪೂರ್ತಿ ಸ್ವತಂತ್ರವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟರೆ ಅವನನ್ನು ಜೈಲಿಗೆ ಕಳಿಸಲು ಅವಕಾಶ ಕೊಡುತ್ತಿದ್ದ 1859ರ ಕೂಲಿ ಕರಾರು ಕಾಯಿದೆ ಬ್ರಿಟಿಷ್ ಭಾರತದಲ್ಲಿ 1920ರ ದಶಕದವರೆಗೂ ಜಾರಿಯಲ್ಲಿತ್ತು. ಗುಲಾಮಗಿರಿಯನ್ನು ರದ್ದುಮಾಡಿದ ಆಡಳಿತವೇ ಮುಂಗಡದ ಸಾಲಕ್ಕೆ ಪೊಲೀಸರ ಬಲ ಕೊಟ್ಟಿತು. ಸಮುದ್ರದಾಚೆಗೂ ಇದೇ ತರ್ಕ ನಡೆಯಿತು: ಗುಲಾಮರ ಬಿಡುಗಡೆಯಿಂದ ಬರಿದಾದ ಕಬ್ಬಿನ ತೋಟಗಳಿಗೆ ಐದು ವರ್ಷದ ಕರಾರಿನ ಕೂಲಿಗಳನ್ನು ಒಯ್ಯುವ ಗಿರ್ಮಿಟ್ ಪದ್ಧತಿ ಹುಟ್ಟಿತು. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕಾದ ನಟಾಲ್‌ಗೆ ಹೋದ ಸುಮಾರು 1.52 ಲಕ್ಷ ಜನರಲ್ಲಿ ಬಹುಪಾಲು ಹಡಗೇರಿದ್ದು ಮದ್ರಾಸಿನಲ್ಲಿ. ಅವರಲ್ಲಿ ಮುಳಬಾಗಿಲಿನ ಗಡಿಯಾಚೆಯ ಆರ್ಕಾಟ್ ಜಿಲ್ಲೆಗಳವರು ದೊಡ್ಡ ಸಂಖ್ಯೆಯಲ್ಲಿದ್ದರು.

ಮೂರು ಪರ್ಯಾಯಗಳು

ಇಷ್ಟು ಸಂಗತಿಗಳನ್ನು ಮುಂದಿಟ್ಟುಕೊಂಡು ಮೂಲ ಪ್ರಶ್ನೆಗೆ ಮರಳಬಹುದು. ಮೊದಲ ಪರ್ಯಾಯದಲ್ಲಿ ಅಟ್ಲಾಂಟಿಕ್ ಗುಲಾಮಗಿರಿ ನೆಲೆಯೂರುವುದೇ ಇಲ್ಲ, ಉಳಿದದ್ದೆಲ್ಲ ಇದ್ದಂತೆಯೇ ಇರುತ್ತದೆ. ಆಗ ಅಗ್ಗದ ಹತ್ತಿ ಸಿಗದೆ ಲ್ಯಾಂಕಶೈರಿನ ಗಿರಣಿಗಳ ಬೆಳವಣಿಗೆ ನಿಧಾನವಾಗುತ್ತಿತ್ತು. ಗಿರಣಿ ನೂಲು ಮೈಸೂರಿನ ಸಂತೆಗಳಿಗೆ ತಡವಾಗಿ ಬಂದು, ಮನೆಮನೆಯಲ್ಲಿ ರಾಟೆ ತಿರುಗಿಸುತ್ತಿದ್ದ ಹೆಂಗಸರ ಆದಾಯ ಇನ್ನೊಂದೆರಡು ತಲೆಮಾರು ಉಳಿಯುತ್ತಿತ್ತು. ಕಬ್ಬಿನ ತೋಟಗಳ ಹಸಿವಿಲ್ಲದೆ ಗಿರ್ಮಿಟ್ ಹುಟ್ಟುತ್ತಿರಲಿಲ್ಲ. ಆದರೆ ಧಾರವಾಡದ ಹತ್ತಿಯ ನಿದರ್ಶನ ಎಚ್ಚರಿಸುವಂತೆ, ಆ ಬೇಡಿಕೆಯ ಒಂದು ಭಾಗ ಭಾರತದ ಹೊಲಗಳ ಕಡೆಗೇ ತಿರುಗುತ್ತಿತ್ತು. ಕೋಲಾರದ ಜೀತಗಾರನ ಬದುಕಿನಲ್ಲಿ ಹೆಚ್ಚಿನ ಬದಲಾವಣೆ ಆಗುತ್ತಿರಲಿಲ್ಲ, ಏಕೆಂದರೆ ಅವನನ್ನು ಕಟ್ಟಿಹಾಕಿದ ಗಂಟು ಲಿವರ್‌ಪೂಲಿನಲ್ಲಿರದೆ ಅವನ ಊರಿನಲ್ಲೇ ಇತ್ತು.

ಎರಡನೆಯ ಪರ್ಯಾಯದಲ್ಲಿ 1843ರ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದುಡಿಮೆಯನ್ನು ಅಡವಿಟ್ಟು ಮಾಡಿದ ಸಾಲವನ್ನೂ ಅಸಿಂಧುವೆಂದು ಸಾರುತ್ತದೆ. 1859ರ ಕರಾರು ಕಾಯಿದೆ ಹುಟ್ಟುವುದಿಲ್ಲ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದುದರಿಂದ ಇಂಥ ನಿಯಮ ಇಲ್ಲಿಗೂ ಬರಬಹುದಿತ್ತು. ಹಾಗಾಗಿ ಇದು ಆ ಕಾಲಕ್ಕೆ ಮೀರಿದ ಕಲ್ಪನೆಯಲ್ಲ. ಆಗ ಜಮೀನ್ದಾರನ ಲೆಕ್ಕದ ಪುಸ್ತಕಕ್ಕೆ ಸರ್ಕಾರದ ಬೆಂಬಲ ತಪ್ಪುತ್ತಿತ್ತು. ಆದರೂ ಬರದ ವರ್ಷದಲ್ಲಿ ಹಸಿದ ಕುಟುಂಬಕ್ಕೆ ಬೇರೆಲ್ಲೂ ಸಾಲ ಹುಟ್ಟದಿದ್ದರೆ, ಅದು ಕಾನೂನಿನ ರಕ್ಷಣೆಯನ್ನು ಬಿಟ್ಟುಕೊಟ್ಟು ಬಾಯಿಮಾತಿನ ಕರಾರಿಗೇ ಒಪ್ಪುತ್ತಿತ್ತು. ಜಾರ್ಜಿಯಾದ ನಿಷೇಧದಂತೆ ಈ ಕಾಯಿದೆಯೂ ಸುತ್ತಲಿನ ಒತ್ತಡದಲ್ಲಿ ಸವೆಯುವ ಸಾಧ್ಯತೆಯೇ ಹೆಚ್ಚು.

ಮೂರನೆಯ ಪರ್ಯಾಯದಲ್ಲಿ ಕಾಯಿದೆಯ ಜೊತೆಗೆ ನೆಲ, ನೀರು, ಸಾಲಗಳೂ ಬದಲಾಗುತ್ತವೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯನ್ನು ಶತಮಾನಗಳ ಕಾಲ ಬದುಕಿಸಿದ್ದು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದ ಕೆರೆಗಳ ಸಾಲು. ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆ ಎಂಬ ಹೆಸರಿನಲ್ಲಿ ಭೂಮಿ ಕೊಡುವ ಪದ್ಧತಿ ಶಾಸನಗಳ ಕಾಲದಿಂದಲೂ ಇತ್ತು. ನೀರು ಹಂಚುವ ನೀರಗಂಟಿಯ ಕೆಲಸವನ್ನು ಎಷ್ಟೋ ಊರುಗಳಲ್ಲಿ ದಲಿತರೇ ಮಾಡುತ್ತಿದ್ದರು. ಆದರೆ ತೂಬಿನ ಬಾಗಿಲು ಎತ್ತುವವನಿಗೆ ಅಚ್ಚುಕಟ್ಟಿನಲ್ಲಿ ಹೇಳಿಕೊಳ್ಳುವಂಥ ಪಾಲಿರಲಿಲ್ಲ. ಮಹಾ ಕ್ಷಾಮದ ನಂತರ ಬೀಳುಬಿದ್ದ ಹೊಲಗಳನ್ನು ಉಳುವವರಿಗೇ ಖಾತೆ ಮಾಡಿಕೊಟ್ಟು, ಎತ್ತು ಬಿತ್ತನೆಗೆ ಸರ್ಕಾರದ ತಗಾವಿ ಸಾಲ ಕೇರಿಗೂ ತಲುಪಿ, ಕೆರೆಯ ನೀರಿನಲ್ಲಿ ಅವರಿಗೆ ಪಾಲು ಸಿಕ್ಕಿದ್ದರೆ, ಜೀತಕ್ಕೆ ಆಳು ಸಿಗುತ್ತಿರಲಿಲ್ಲ. ಗಣಿಗಿಳಿಯುವ ಕಾರ್ಮಿಕ ಹೊಲವೆಂಬ ಇನ್ನೊಂದು ಆಸರೆಯನ್ನು ಬೆನ್ನಿಗಿಟ್ಟುಕೊಂಡು ಕೂಲಿ ಕೇಳುತ್ತಿದ್ದ. ಕಂಪನಿಯೂ ಹೆಚ್ಚು ಕೂಲಿಯನ್ನೂ ಹೆಚ್ಚು ಸುರಕ್ಷತೆಯನ್ನೂ ಕೊಡಲೇಬೇಕಾಗುತ್ತಿತ್ತು. ಈ ಮೂರರಲ್ಲಿ ದಾಸ್ಯ ನಿಜವಾಗಿ ಬೇರು ಕಳೆದುಕೊಳ್ಳುವುದು ಇದೊಂದರಲ್ಲೇ.

ತಡವಾಗಿ ಬಂದ ಪರ್ಯಾಯ

ಮೂರನೆಯ ಪರ್ಯಾಯದ ತುಣುಕುಗಳು ಚರಿತ್ರೆಯಲ್ಲಿ ಒಂದು ಶತಮಾನ ತಡವಾಗಿ ಬಂದವು. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 1974ರಲ್ಲಿ ಜಾರಿಗೆ ಬಂದ, ಕರ್ನಾಟಕ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಉಳುವವನಿಗೆ ಭೂಮಿ ಎಂಬ ತತ್ವವನ್ನು ಗೇಣಿದಾರರಿಗೆ ಅನ್ವಯಿಸಿತು. ಆದರೆ ಜೀತಗಾರ ಗೇಣಿದಾರನಲ್ಲದ ಕಾರಣ ಅವನಿಗೆ ಅದರ ಫಲ ನೇರವಾಗಿ ದಕ್ಕಲಿಲ್ಲ. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯಿದೆಯಾದ ಜೀತ ಪದ್ಧತಿ ನಿರ್ಮೂಲನ ಶಾಸನ, 1843ರ ಕಾಯಿದೆ ಮುಟ್ಟದೆ ಬಿಟ್ಟ ಗಂಟಿಗೇ ಕೈಹಾಕಿತು: ಜೀತಕ್ಕೆ ಕಾರಣವಾದ ಸಾಲ ರದ್ದು, ಸಾಲ ಜೀತದ್ದಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದು, ಪ್ರತಿ ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿ. ಅದೇ ವರ್ಷ ದೇವರಾಜ ಅರಸು ಸರ್ಕಾರ ಸಣ್ಣ ರೈತರ, ಭೂಹೀನ ಕೂಲಿಕಾರರ ಸಾಲವನ್ನು ಮನ್ನಾ ಮಾಡುವ ಋಣ ಪರಿಹಾರ ಕಾಯಿದೆಯನ್ನೂ ತಂದಿತು. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆಯಾಗದಂತೆ ತಡೆಯುವ, ಪಿಟಿಸಿಎಲ್ ಎಂದು ಜನ ಕರೆಯುವ ಕಾಯಿದೆ 1978ರದು.

ಕಾಗದದ ಮೇಲಿನ ಬಿಡುಗಡೆ ಕೇರಿಗೆ ತಲುಪಿದ್ದು ಹೋರಾಟದಿಂದ. 1970ರ ದಶಕದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿ ಕೋಲಾರ ಜಿಲ್ಲೆಯಲ್ಲಿ ಆಳವಾಗಿ ಬೇರೂರಿತು; ಹಾಡು, ಬೀದಿನಾಟಕ, ಭೂಮಿಯ ಬೇಡಿಕೆಗಳ ಮೂಲಕ ಜೀತವನ್ನು ಸಾರ್ವಜನಿಕ ಪ್ರಶ್ನೆಯಾಗಿಸಿತು. ಜೀತ ವಿಮುಕ್ತಿ ಕರ್ನಾಟಕ, ಅಂದರೆ ‘ಜೀವಿಕ’ ಸಂಘಟನೆ ಜೀತಗಾರರನ್ನು ಗುರುತಿಸಿ, ಅವರಿಂದಲೇ ಅರ್ಜಿ ಹಾಕಿಸಿ, ಬಿಡುಗಡೆ ಪತ್ರ ಕೊಡಿಸುವ ಕೆಲಸವನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1978–79ರಲ್ಲಿ ನಡೆಸಿದ ಸಮೀಕ್ಷೆ ಹತ್ತು ರಾಜ್ಯಗಳಲ್ಲಿ ಸುಮಾರು 26 ಲಕ್ಷ ಜೀತಗಾರರಿದ್ದಾರೆಂದು ಅಂದಾಜಿಸಿತ್ತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಸಾರಿತು. ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವೋ ಸಾಲವೋ ಇದೆಯೆಂದೇ ಭಾವಿಸಬೇಕೆಂದು ಅದೇ ನ್ಯಾಯಾಲಯ 1983ರ ಬಂಧುವಾ ಮುಕ್ತಿ ಮೋರ್ಚಾ ತೀರ್ಪಿನಲ್ಲಿ ಹೇಳಿತು. 2016ರ ಕೇಂದ್ರ ಯೋಜನೆಯಂತೆ ಬಿಡುಗಡೆಯಾದವರಿಗೆ ಸಿಗುವ ಪುನರ್ವಸತಿ ನೆರವು ಪ್ರಕರಣಕ್ಕೆ ತಕ್ಕಂತೆ 1 ಲಕ್ಷದಿಂದ 3 ಲಕ್ಷ ರೂಪಾಯಿ.

ಆದರೆ ಬಂಧನವೂ ರೂಪ ಬದಲಿಸುತ್ತದೆ. ಯುಗಾದಿಯಿಂದ ಯುಗಾದಿಯ ಜೀತ ಕಡಿಮೆಯಾದಂತೆ, ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳಂಥ ಕಡೆ ಇಡೀ ಕುಟುಂಬಕ್ಕೆ ಮುಂಗಡ ಕೊಟ್ಟು, ಅದು ತೀರುವವರೆಗೆ ಜಾಗ ಬಿಡಗೊಡದ ಪದ್ಧತಿ ದೇಶದ ಹಲವೆಡೆ ಬೆಳೆದಿದೆ; ಈಗ ಸಿಕ್ಕಿಬೀಳುವವರಲ್ಲಿ ಹಲವರು ಭಾಷೆ ಬಾರದ ಹೊರರಾಜ್ಯದ ವಲಸಿಗರು. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿಗಳು ಮುಚ್ಚಿದಾಗ ಜಿಲ್ಲೆಯ ದೊಡ್ಡ ನಗದು ಕೂಲಿಯ ಆಸರೆ ಕಳಚಿಬಿತ್ತು. ಅಂತರ್ಜಲ ಬತ್ತಿ ಕೊಳವೆಬಾವಿಗೆ ಮಾಡಿದ ಸಾಲ, ಟೊಮೆಟೊ ಮತ್ತು ಮಾವಿನ ಬೆಲೆ ಕುಸಿದಾಗ ತೀರದೆ ಉಳಿಯುವ ಸಾಲ, ಕಿರುಸಾಲ ಸಂಸ್ಥೆಗಳ ವಾರದ ಕಂತು ಇವು ಇಂದಿನ ಹೊರೆಗಳು. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಪ್ರತ್ಯೇಕ ಕಾನೂನು ತರಬೇಕಾದದ್ದು ಆ ಹೊರೆ ಎಷ್ಟೆಂಬುದಕ್ಕೆ ಸಾಕ್ಷಿ. ಇನ್ನೊಂದೆಡೆ, ಬೆಂಗಳೂರಿನ ಸಂಸ್ಕರಿಸಿದ ನೀರು ಕೆಸಿ ವ್ಯಾಲಿ ಯೋಜನೆಯ ಮೂಲಕ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಗುಣಮಟ್ಟದ ಬಗ್ಗೆ ಎದ್ದಿರುವ ಪ್ರಶ್ನೆಗಳ ಜೊತೆಗೆ, ತುಂಬಿದ ಕೆರೆಯ ನೀರು ಯಾರ ಹೊಲಕ್ಕೆ ಎಂಬ ಹಳೆಯ ಪ್ರಶ್ನೆಯನ್ನೂ ಕೇಳಲೇಬೇಕು.

ವಸಾಹತು ಗುಲಾಮಗಿರಿ ನೆಲೆಯೂರದ ಲೋಕವನ್ನು ಕಲ್ಪಿಸಿಕೊಳ್ಳುವವರಿಗೆ ಕೋಲಾರ ಸೀಮೆ ಕೊಡುವ ಉತ್ತರ ಖಚಿತವಾದದ್ದು. ಮನುಷ್ಯನನ್ನು ಮಾರುವುದು ನಿಂತರೆ ಸಾಲದು. ಬರದ ವರ್ಷದಲ್ಲಿ ಅವನು ತನ್ನನ್ನು ಅಡವಿಡಬೇಕಾದ ಅನಿವಾರ್ಯವೂ ನಿಲ್ಲಬೇಕು. ಅದಕ್ಕೆ ಬೇಕಾದದ್ದು ಉಳುವ ಕೈಗೆ ನೆಲದ ಖಾತೆ, ಕೆರೆಯ ನೀರಿನಲ್ಲಿ ಹಕ್ಕಿನ ಪಾಲು, ಕಷ್ಟಕಾಲಕ್ಕೆ ಒಡೆಯನಲ್ಲದವರಿಂದ ಸಿಗುವ ಸಾಲ, ಕೆಲಸ ಬಿಟ್ಟುಹೋಗುವ ಸ್ವಾತಂತ್ರ್ಯ. ಕಳೆದುಹೋದ ಶತಮಾನಗಳಲ್ಲಿ ಇವನ್ನು ಊಹಿಸಬಹುದಷ್ಟೇ. ಈ ಶತಮಾನದಲ್ಲಿ ಇವಕ್ಕೆ ಕಾಯಿದೆಯಿದೆ, ಕಚೇರಿಯಿದೆ, ಹಣವೂ ಇದೆ. ಜಾಗೃತಿ ಸಮಿತಿಗಳು ನಿಯಮಿತವಾಗಿ ಸಭೆ ಸೇರಿ, ಬಿಡುಗಡೆ ಪತ್ರ ಸಿಕ್ಕ ಪ್ರತಿ ಕುಟುಂಬಕ್ಕೂ ಜಮೀನು ಮತ್ತು ಪುನರ್ವಸತಿ ತಲುಪುವಂತೆ ನೋಡಿಕೊಂಡರೆ, ಪರ್ಯಾಯ ಚರಿತ್ರೆಯ ಆ ಮೂರನೆಯ ದಾರಿ ಈ ನಾಲ್ಕು ತಾಲ್ಲೂಕುಗಳಲ್ಲಿ ಊಹೆಯಾಗಿ ಉಳಿಯದೆ ನಡೆದ ಚರಿತ್ರೆಯಾಗುತ್ತದೆ.